ಕನ್ನಡಿಯ ಮುಂದೆ ನಿಂತವಳನ್ನು ಕೇಳಿದವರಾರು?

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿನಿಯರಿಗಾಗಿ ನಡೆದ ವ್ಯಕ್ತಿತ್ವ ವಿಕಸನ ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದವರು ಒಂದೂವರೆ ಗಂಟೆ ಮಾತನಾಡಿದರು. ಸಂದರ್ಶನಕ್ಕೆ ಯಾವ ಬಣ್ಣದ ಬಟ್ಟೆ, ಎಂಥ ಚಪ್ಪಲಿ, ಕೂದಲು ಬಿಡಬೇಕೇ ಕಟ್ಟಬೇಕೇ ಎಂದೆಲ್ಲ ವಿವರಿಸಿ, ನಿಮ್ಮ ಉಡುಪೇ ನಿಮ್ಮ ಆತ್ಮವಿಶ್ವಾಸ ಎಂದು ಮುಗಿಸಿದರು. ಪ್ರಶ್ನೆಗಳಿವೆಯೇ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸಾರ್, ನನ್ನಲ್ಲಿರುವುದು ಮೂರು ಚೂಡಿದಾರ್. ಮೂರೂ ಅತ್ತಿಗೆ ಉಟ್ಟು ಬಿಟ್ಟದ್ದು. ಮೇಲಿನ ಬುರ್ಖಾ ಅಣ್ಣ ತಂದುಕೊಟ್ಟದ್ದು. ಇದರಲ್ಲಿ ನನ್ನ ಆತ್ಮವಿಶ್ವಾಸ ಯಾವುದು?" ಸಭೆ ನಕ್ಕಿತು. ಅವರೂ ನಕ್ಕರು. ಉತ್ತರ ಬರಲಿಲ್ಲ.

ಬರುವುದಾದರೂ ಹೇಗೆ? ಹೆಣ್ಣಿನ 'ವೈಯಕ್ತಿಕ ಶೈಲಿ'ಯ ಬಗ್ಗೆ ಬರೆಯುವವರು, ಭಾಷಣ ಮಾಡುವವರು ಎಲ್ಲರೂ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಅವಳ ಕೈಯಲ್ಲಿ ಹಣವಿದೆ, ಅಂಗಡಿಯಲ್ಲಿ ಇದು ಬೇಕು, ಇದು ಬೇಡ ಎನ್ನುವ ಮಾತು ಅವಳದ್ದೇ ಎಂದು. ನಮ್ಮ ಎಷ್ಟು ಮನೆಗಳಲ್ಲಿ ಇದು ನಿಜ?

ಸೌಂದರ್ಯದ ಮಾರುಕಟ್ಟೆಗಂತೂ ಹೆಣ್ಣಿನ ಆತ್ಮವಿಶ್ವಾಸ ಬೇಕಾಗಿಯೇ ಇಲ್ಲ, ಅವಳ ಕೀಳರಿಮೆ ಬೇಕು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಬಿಳುಪಾದರೆ ಕೆಲಸ ಸಿಗುತ್ತದೆ, ಗಂಡ ಸಿಗುತ್ತಾನೆ ಎಂದು ದಶಕಗಳ ಕಾಲ ಜಾಹೀರಾತಿನಲ್ಲಿ ಹೇಳಿತು. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ಕೂಗೆದ್ದಾಗ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ' ಎಂದು ಸೇರಿಸಿದರು. ನಲವತ್ತೈದು ವರ್ಷ ಕಪ್ಪು ಹುಡುಗಿಯರ ಮನಸ್ಸಿಗೆ ಹಾಕಿದ ಬರೆಗೆ ಒಂದು ಪದದ ಬದಲಾವಣೆ! ಇದನ್ನು ಓದಿ ತಲೆದೂಗುವ ನಾವು ಸೊಸೆ ಹುಡುಕಲು ಹೊರಟಾಗ ಕೇಳುವ ಮೊದಲ ಪ್ರಶ್ನೆ ಯಾವುದೆಂದು ನಮಗೇ ಗೊತ್ತಿದೆ.

ಇನ್ನು ನಮ್ಮ ಮನೆಯೊಳಗಿನ ಮಾತು. ಮಗ ಮೊಣಕಾಲಿನಲ್ಲಿ ಹರಿದ ಜೀನ್ಸ್ ತೊಟ್ಟು, ಕ್ರಿಕೆಟ್ ಆಟಗಾರನ ಹಾಗೆ ಕೂದಲು ಕತ್ತರಿಸಿಕೊಂಡು ಬೈಕಿನಲ್ಲಿ ಹೊರಡುತ್ತಾನೆ. ಯಾರೂ ಧರ್ಮಸಂಕಟಕ್ಕೆ ಸಿಲುಕುವುದಿಲ್ಲ. ಮಗಳ ಸ್ಕಾರ್ಫ್ ಒಂದಿಂಚು ಜಾರಿದರೆ ಮನೆತನದ ಮರ್ಯಾದೆಯೇ ಜಾರುತ್ತದೆ. ಕುರ್‌ಆನಿನ ಅನ್ನೂರ್ ಅಧ್ಯಾಯವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ 31ನೇ ಸೂಕ್ತದಿಂದ. ಸ್ತ್ರೀಯರಿಗೆ ಹೇಳುವ ಮುನ್ನ, 30ನೇ ಸೂಕ್ತದಲ್ಲಿ, ದೃಷ್ಟಿ ತಗ್ಗಿಸಲು ಆದೇಶವಾದದ್ದು ಪುರುಷರಿಗೆ. ಅದರ ಬಗ್ಗೆ ಎಷ್ಟು ಪ್ರವಚನ ಕೇಳಿದ್ದೀರಿ? ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಸಾಕು, ಆ ಪಾಠ ಯಾರಿಗೂ ತಲುಪಿಲ್ಲವೆಂದು ತಿಳಿಯುತ್ತದೆ.

ನಮ್ಮ ಅಜ್ಜಿಯ ಕಾಲದ ಬ್ಯಾರಿ ಹೆಂಗಸರು ತುಣಿ ಉಟ್ಟು, ಕುಪ್ಪಾಯ ತೊಟ್ಟು, ತಲೆಗೆ ಯಲಸರ ಹಾಕುತ್ತಿದ್ದರು. ಇಂದಿನ ಕಪ್ಪು ಬುರ್ಖಾ ನಮ್ಮ ಊರುಗಳಲ್ಲಿ ಮನೆಮನೆಗೂ ಹಬ್ಬಿದ್ದು ಗಲ್ಫಿನ ದುಡಿಮೆಯ ಜೊತೆ. ಅಜ್ಜಿ ತಲೆ ಮುಚ್ಚಿಕೊಂಡೇ ಬದುಕಿದವಳು, ಅವಳ ಈಮಾನಿನಲ್ಲಿ ಕೊರತೆ ಹುಡುಕಿದವರಿಲ್ಲ. ನನಗೆ ನೆನಪಿರುವುದು ಅವಳು ಬಟ್ಟೆ ಕೊಳ್ಳುತ್ತಿದ್ದ ರೀತಿ. ಬೀಡಿ ಕಟ್ಟಿ ಉಳಿಸಿದ ಹಣ ಸೊಂಟದ ಗಂಟಿನಲ್ಲಿರುತ್ತಿತ್ತು. ಅಂಗಡಿಯಲ್ಲಿ ಕುಳಿತು ಬಟ್ಟೆಯ ಅಂಚನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುವಳು, ಬೆಳಕಿಗೆ ಹಿಡಿಯುವಳು, ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು ಅಂಗಡಿಯವನ ಮುಖಕ್ಕೇ ಹೇಳಿ ಎದ್ದು ಬರುವಳು. ಓದು ಬರಹ ಬಾರದ ಆ ಮುದುಕಿಗೆ ಇದ್ದ ಶೈಲಿ ಕಾರ್ಯಾಗಾರದ ಆ ಒಂದೂವರೆ ಗಂಟೆಯಲ್ಲಿ ನನಗೆ ಕಾಣಲಿಲ್ಲ. ಅವಳ ಮೊಮ್ಮಕ್ಕಳು ಪದವೀಧರೆಯರು. ಮದುವೆಯ ದಿನ ಅವರು ಉಡುವ ಸೀರೆಯ ಬಣ್ಣವನ್ನು ವರನ ಅಕ್ಕಂದಿರು ನಿರ್ಧರಿಸುತ್ತಾರೆ, ಮುಖದ ಬಣ್ಣವನ್ನು ಬ್ಯೂಟಿಷಿಯನ್. ಬದುಕಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಆ ದಿನ ಅವಳ ಮೈಮೇಲೆ ಅವಳೇ ಆರಿಸಿದ್ದು ಏನಾದರೂ ಇತ್ತೇ?

ಹೆಣ್ಣಿನ ಬಟ್ಟೆಗೆ ಕೈ ಹಾಕದ ಆಳ್ವಿಕೆ ಇಲ್ಲ ಎನ್ನಬೇಕು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ದಶಕಗಳ ಕಾಲ ಹೋರಾಡಿದ ಮೇಲೆ 1859ರಲ್ಲಿ ಎದೆ ಮುಚ್ಚಲು ರಾಜಾಜ್ಞೆ ಹೊರಟಿತು, ಮೇಲ್ಜಾತಿಯ ಹೆಂಗಸರಂತೆ ಮಾತ್ರ ಮುಚ್ಚಕೂಡದು ಎಂಬ ಷರತ್ತಿನೊಂದಿಗೆ. ಇರಾನಿನಲ್ಲಿ ರೆಜಾ ಷಾ 1936ರಲ್ಲಿ ಪರದೆಯನ್ನು ಬಲವಂತವಾಗಿ ತೆಗೆಸಿದ. 1979ರ ಕ್ರಾಂತಿಯ ನಂತರ ಬಂದವರು ಅದನ್ನು ಬಲವಂತವಾಗಿ ತೊಡಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ಬಂಧಿತಳಾದ 22 ವರ್ಷದ ಮಹ್ಸಾ ಅಮೀನಿ ಸತ್ತೇ ಹೋದಳು.

ಅದೇ ವರ್ಷ ನಮ್ಮಲ್ಲಿ ಏನಾಯಿತು? ಉಡುಪಿಯ ಕಾಲೇಜಿನ ಗೇಟಿನಿಂದ ಶುರುವಾದದ್ದು ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರವರಿ 5ರಂದು ಸರಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಭಿನ್ನ ತೀರ್ಪು ಬಂತು. ಧರ್ಮದಲ್ಲಿ ಹಿಜಾಬ್ ಅತ್ಯವಶ್ಯವೇ ಎಂದು ಎಲ್ಲರೂ ತೂಗುತ್ತಿದ್ದಾಗ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದನ್ನು ಹುಡುಗಿಯ ಆಯ್ಕೆಯ ಪ್ರಶ್ನೆಯಾಗಿ, ಅವಳ ಓದಿನ ಪ್ರಶ್ನೆಯಾಗಿ ನೋಡಿದರು. ಅವಳ ತಲೆಯ ವಸ್ತ್ರವನ್ನು ಗೇಟಿನಲ್ಲಿ ತೆಗೆಸಿದ್ದು ಅಪಮಾನ. ಇದರಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ.

ಆದರೆ ಆಗ 'ಅವಳ ಆಯ್ಕೆ, ಅವಳ ಹಕ್ಕು' ಎಂದು ಘೋಷಣೆ ಕೂಗಿದ ನಮ್ಮ ಸಹೋದರರಿಗೆ ಒಂದು ಮಾತು. ಆಯ್ಕೆ ಎಂದಮೇಲೆ ಆಯ್ಕೆಯೇ. ನಾಳೆ ನಿಮ್ಮ ತಂಗಿ ಕಪ್ಪು ಬೇಡ, ನೀಲಿ ಬೇಕು ಎಂದರೆ? ಬುರ್ಖಾ ಬೇಡ, ಉದ್ದ ತೋಳಿನ ಚೂಡಿದಾರ್ ಮತ್ತು ಸ್ಕಾರ್ಫ್ ಸಾಕು ಎಂದರೆ? ಅದೂ ಬೇಡವೆಂದರೆ? ಆಗಲೂ ಅವಳ ಪರ ಒಂದು ಫಲಕ ಹಿಡಿಯುತ್ತೀರಾ? ಇಲ್ಲವೆಂದಾದರೆ ಅಂದು ಬೀದಿಗಿಳಿದು ನೀವು ಕೇಳಿದ್ದು ಅವಳ ಹಕ್ಕನ್ನೋ, ಅವಳ ಮೇಲಿನ ನಿಮ್ಮ ಹಕ್ಕನ್ನೋ? ಆ ಗಲಾಟೆಯಲ್ಲಿ ಕಾಲೇಜು ಬಿಟ್ಟ ಹುಡುಗಿಯರ ಮನೆಗೆ ಹೋಗಿ, ಓದು ಮುಂದುವರಿಸುತ್ತೀಯಾ ಎಂದು ಎಷ್ಟು ಮಂದಿ ಕೇಳಿದಿರಿ?

ಬುರ್ಖಾ ತೊಟ್ಟವಳಿಗೆ ಶೈಲಿ ಎಲ್ಲಿಯದು ಎನ್ನುವ ನಮ್ಮ ಪ್ರಗತಿಪರ ಗೆಳತಿಯರಿಗೂ ಇದು ಅರ್ಥವಾಗಬೇಕು. ತಾನಾಗಿ ತೊಟ್ಟವಳು ಅದರೊಳಗೆ ನೂರು ನಿರ್ಧಾರ ಮಾಡಿರುತ್ತಾಳೆ. ಮಂಗಳೂರಿನ ಏಪ್ರಿಲ್ ಬೆವರಿಗೆ ಪಾಲಿಯೆಸ್ಟರ್ ಬೇಡ, ಮೈಗೆ ಅಂಟದ ಬಟ್ಟೆ ಬೇಕು. ಸ್ಕೂಟರ್ ಓಡಿಸುವವಳಿಗೆ ಚಕ್ರಕ್ಕೆ ಸಿಲುಕುವಷ್ಟು ಅಗಲದ ಕೆಳಭಾಗ ಜೀವಕ್ಕೇ ಅಪಾಯ. ಲ್ಯಾಬಿನಲ್ಲಿ ನಿಲ್ಲುವವಳಿಗೆ ತೋಳು ಬಿಗಿಯಾಗಿರಬೇಕು. ಇದನ್ನೆಲ್ಲ ದರ್ಜಿಯೆದುರು ನಿಂತು ಹೇಳಿ ಹೊಲಿಸಿಕೊಳ್ಳುವವಳು ಮತ್ತು ಅಣ್ಣ ತಂದದ್ದನ್ನು ತೊಡುವವಳು ದೂರದಿಂದ ಒಂದೇ ಥರ ಕಾಣಬಹುದು.

ಹಿಂದಿನ ಬೆಂಚಿನ ಆ ಹುಡುಗಿ ಕಳೆದ ವರ್ಷ ಸಿಕ್ಕಿದ್ದಳು. ಪ್ರಯೋಗಾಲಯವೊಂದರಲ್ಲಿ ಕೆಲಸ. ಬುರ್ಖಾ ತೊಟ್ಟಿದ್ದಳು, ಕಡು ಹಸಿರು ಬಣ್ಣದ್ದು, ಮೊದಲ ಸಂಬಳದಲ್ಲಿ ಬಟ್ಟೆ ಕೊಂಡು ತಾನೇ ಹೊಲಿಸಿದ್ದಂತೆ. ಎರಡೂ ಬದಿಗೆ ಜೇಬು ಇಡಿ ಎಂದಾಗ ದರ್ಜಿ ಕತ್ತರಿ ಕೆಳಗಿಟ್ಟು, "ಹೆಂಗಸರ ಬುರ್ಖಾಕ್ಕೆ ಜೇಬು ಯಾಕಮ್ಮ?" ಎಂದು ಕೇಳಿದನಂತೆ. ಫೋನು, ಬಸ್ಸಿನ ಚಿಲ್ಲರೆ, ಸಂಬಳ ಎಂದು ಇವಳು ಪಟ್ಟಿ ಒಪ್ಪಿಸಿದಳಂತೆ. ಜೇಬಿಗೆಂದು ಮೂವತ್ತು ರೂಪಾಯಿ ಹೆಚ್ಚು ತೆಗೆದುಕೊಂಡ ಎಂದು ಅವನ ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ.