ನಾಲ್ಕನೆಯ ವರ್ಷದ ಖರ್ಚು

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಕುಟುಂಬಗಳಲ್ಲಿ ನರ್ಸಿಂಗ್‌ನೊಡನೆ ಈಗ ಕೇಳಿಬರುವ ಇನ್ನೊಂದು ಹೆಸರು ಬಿ.ಎಸ್ಸಿ. ಅಲೈಡ್ ಹೆಲ್ತ್. ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್ ವಿಭಾಗಗಳಿಗೆ ತಂತ್ರಜ್ಞರನ್ನು ಸಿದ್ಧಪಡಿಸುವ ವ್ಯಾಸಂಗವಿದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಆರಂಭವಾದದ್ದು 1973ರಲ್ಲಿ. ಅನಂತರ ಯಲಹಂಕ, ಯಶವಂತಪುರಗಳವರೆಗೆ ಆಸ್ಪತ್ರೆಗಳು ಹಬ್ಬಿವೆ. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದು ಓದುತ್ತಿರುವ ಮಕ್ಕಳನ್ನು ಭಾನುವಾರದ ಬಲಿಪೂಜೆಯಲ್ಲಿ ಕಾಣುತ್ತೇವೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ತಂದೆತಾಯಿಗಳು ಒಂದು ವರ್ಷದ ಶುಲ್ಕವನ್ನು ಮೂರರಿಂದ ಗುಣಿಸಿ ಸಾಲಕ್ಕೆ ಕೈಹಾಕುತ್ತಾರೆ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಇಂಥ ಪದವಿಗಳಲ್ಲಿ ಸಾಮಾನ್ಯವಾಗಿ 3 ವರ್ಷದ ಓದಿನ ಮೇಲೆ 1 ವರ್ಷದ ಇಂಟರ್ನ್‌ಷಿಪ್ ಇರುತ್ತದೆ. ಆ ವರ್ಷ ಪೂರ್ತಿ ದುಡಿಮೆ. ಭತ್ಯೆ ಅಲ್ಪ, ಕೆಲವೆಡೆ ಅದೂ ಇಲ್ಲ. ಊಟ, ವಸತಿ, ಬಸ್ಸಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಬಡ ಮನೆಯ ಹುಡುಗಿ ಎಡವುವುದು ಇಲ್ಲಿಯೇ.

ನೆರವು ನೀಡುವ ನಮ್ಮ ಸಂಘಗಳು ಪ್ರವೇಶದ ದಿನ ಚೆಕ್ ಕೊಟ್ಟು ಭಾವಚಿತ್ರ ತೆಗೆಸಿಕೊಂಡು ಸುಮ್ಮನಾಗುತ್ತವೆ. ಹೀಗೆಂದದ್ದಕ್ಕೆ ಯಾರೂ ಮುನಿಯಬಾರದು. ಹಬ್ಬದ ದೀಪಾಲಂಕಾರದ ಹಣದಲ್ಲಿ ಒಂದು ಪಾಲನ್ನು ಈ ನಾಲ್ಕನೆಯ ವರ್ಷಕ್ಕೆಂದು ತೆಗೆದಿರಿಸಲು ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಈ ವರ್ಷವೇ ನಿರ್ಣಯಿಸಬೇಕೆಂದು ನಾವು ಕೋರುತ್ತೇವೆ.