ಮನುಕುಲಕ್ಕೆ ಬೀಗರಿಲ್ಲ

ಮೊದಲೇ ಹೇಳಿಬಿಡ್ತೀನಿ. ಈ ಬರಹದಲ್ಲಿ ಬೈಸಿಕೊಳ್ಳೋರ ಪಟ್ಟಿ ಉದ್ದ ಇದೆ. ಅದರಲ್ಲಿ ಮೊದಲನೇ ಹೆಸರು ನನ್ನದೇ.

2025ರ ಮೇ 31, ಶನಿವಾರ. ತುಮಕೂರಿನ ಬಾಡಿಗೆ ಮನೆಯ ಸೋಫಾ ಮೇಲೆ ಒರಗಿಕೊಂಡು ನಾನು ಮನುಕುಲದ ಭವಿಷ್ಯ ತೀರ್ಮಾನ ಮಾಡ್ತಾ ಇದ್ದೆ. ನಮ್ಮ ಬಿಇ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬೆಳಿಗ್ಗೆ ಹತ್ತಕ್ಕೇ ಯಾರೋ ಒಂದು ವಿಡಿಯೋ ಹಾಕಿದ್ದ. ಇನ್ನು ಹತ್ತು ವರ್ಷದಲ್ಲಿ ಎಲ್ಲ ಕೆಲಸವನ್ನೂ ಎಐ ಮಾಡುತ್ತೆ, ಮನುಷ್ಯ ಆರಾಮಾಗಿ ಕೂತು ತಿನ್ನಬಹುದು ಅಂತ. ಅಲ್ಲಿಂದ ಶುರು. ಎಐ ಬಂದ್ಮೇಲೆ ದೇವರ ಕಥೆ ಮುಗೀತು ಅಂದ ಒಬ್ಬ. ಇದೆಲ್ಲ ನಮ್ಮ ಋಷಿಗಳಿಗೆ ಆಗಲೇ ಗೊತ್ತಿತ್ತು ಅಂದ ಇನ್ನೊಬ್ಬ. ಮೂರನೆಯವನು ಎರಡನ್ನೂ ಎಳೆದು ತಂದು ಮೋದಿ-ರಾಹುಲ್ ಜಗಳಕ್ಕೆ ಕಟ್ಟಿ ಹಾಕಿದ. ಮಂಗಳ ಗ್ರಹಕ್ಕೆ ಹೋಗೋದೊಂದೇ ದಾರಿ ಅಂತ ನಾಲ್ಕನೆಯವನು. ಅವನು ಪೀಣ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಟೈಪ್ ಮಾಡ್ತಿದ್ದ. ಸಂಜೆ ಹೊತ್ತಿಗೆ ನನ್ನೊಬ್ಬನದೇ 64 ಮೆಸೇಜು. ಆಮೇಲೆ ಎಣಿಸಿದೆ.

ಅದೇ ದಿನ ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ರೈತರು ಸೇರಿದ್ದರು. ನಿಷೇಧಾಜ್ಞೆ ಇತ್ತು, ಪೊಲೀಸರಿದ್ದರು, ಸ್ವಾಮೀಜಿಗಳಿದ್ದರು, ಎಲ್ಲ ಬಣ್ಣದ ಟವೆಲ್ಲುಗಳಿದ್ದವು. ಆ ಗುಂಪಿನಲ್ಲಿ ನಮ್ಮಪ್ಪನೂ ಇದ್ದ. ಮಧ್ಯಾಹ್ನ ಫೋನ್ ಮಾಡಿದ. "ಎಲ್ಲಿದೀಯಲಾ?" ಹಿಂದೆ ಗಲಾಟೆ ಕೇಳ್ತಿತ್ತು. "ಮೀಟಿಂಗಲ್ಲಿದೀನಪ್ಪ" ಅಂದೆ. ಶನಿವಾರ ಎಂಥ ಮೀಟಿಂಗು ಅಂತ ಅವನು ಕೇಳಲಿಲ್ಲ. "ಸರಿ ಬಿಡು" ಅಂದು ಇಟ್ಟ.

ಸಂಜೆ ಕುಣಿಗಲ್ ಕಡೆಯಿಂದ ಮಾವನ ಫೋನು. "ಬೀಗ್ರೂ ಹೋಗಿದ್ರಂತಲ್ಲ ಅಳಿಯಂದ್ರೆ, ನಮ್ಮ ನೀರಿಗೆ ಅಡ್ಡ ನಿಲ್ಲೋಕೆ? ನೀವೇನಂತೀರಿ?" ನಾನೇನಂದೆ ಗೊತ್ತಾ? "ಹಲೋ... ಮಾವ... ನೆಟ್‌ವರ್ಕ್ ಸರಿ ಇಲ್ಲ" ಅಂದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದಳು: "ಪ್ರಪಂಚಕ್ಕೆಲ್ಲ ಉತ್ತರ ಕೊಡ್ತೀರಿ, ನಮ್ಮಪ್ಪಂಗೆ ಮಾತ್ರ ನೆಟ್‌ವರ್ಕ್ ಇಲ್ವಾ?"

ಈ ಬರಹ ಹುಟ್ಟಿದ್ದು ಅಲ್ಲಿ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿರೋ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಅಲ್ಲಿಂದ ಕಾಲುವೆ ನಮ್ಮ ಜಿಲ್ಲೆಗೆ ಬರುತ್ತೆ, ಕೆರೆಗಳನ್ನ ತುಂಬುತ್ತೆ. ತುಮಕೂರು ಸಿಟಿಯಲ್ಲಿ ಕೂತು ಮಂಗಳ ಗ್ರಹದ ಬಗ್ಗೆ ಮಾತಾಡೋ ನಾವು ಕುಡಿಯೋದೂ ಬುಗುಡನಹಳ್ಳಿ ಕೆರೆಗೆ ಬಂದ ಅದೇ ನೀರು. ಕುಣಿಗಲ್ ಇರೋದು ಕಾಲುವೆಯ ಬಾಲದಲ್ಲಿ. ನಮ್ಮ ಪಾಲು ಕಾಗದದಲ್ಲಿದೆ, ಕೆರೆಗೆ ಬರ್ತಿಲ್ಲ ಅನ್ನೋದು ಅಲ್ಲಿನವರ ದೂರು. ಅದಕ್ಕೇ ಕಾಲುವೆಯ 70ನೇ ಕಿಲೋಮೀಟರ್ ಹತ್ತಿರದಿಂದ ದೊಡ್ಡ ಪೈಪಿನಲ್ಲಿ ನೀರನ್ನ ನೇರವಾಗಿ ಕುಣಿಗಲ್‌ಗೆ ಒಯ್ಯೋ ಯೋಜನೆ. ಉದ್ದ ಸುಮಾರು 35 ಕಿಲೋಮೀಟರು, ಖರ್ಚು ಸುಮಾರು 1,000 ಕೋಟಿ. ಮೇಲಿನವರು ಅಲ್ಲೇ ಪೈಪಿಗೆ ನೀರು ಎಳ್ಕೊಂಡ್ರೆ ನಮ್ಮ ಕೆರೆಗಳ ಗತಿ ಏನು, ಆಮೇಲೆ ಇದು ಮಾಗಡಿ, ರಾಮನಗರದ ಕಡೆ ಹೋಗಲ್ಲ ಅನ್ನೋಕೆ ಗ್ಯಾರಂಟಿ ಏನು ಅನ್ನೋದು ಗುಬ್ಬಿಯವರ ಪ್ರಶ್ನೆ.

ಈಗ ನೋಡಿ. ಇದರಲ್ಲಿ ರಾಜಕೀಯ ಇದೆ. ಪೈಪು, ಗೇಟು, ಒತ್ತಡ, ಅಳತೆ ಅಂತ ಟೆಕ್ನಾಲಜಿ ಇದೆ. ಸ್ವಾಮೀಜಿಗಳು ಬೀದಿಗೆ ಬಂದಿದ್ದರಿಂದ ಧರ್ಮವೂ ಇದೆ. ತೆಂಗು, ಅಡಿಕೆ ಇಟ್ಟವನಿಗೆ ಮುಂದಿನ ಮೂವತ್ತು ವರ್ಷದ ಪ್ರಶ್ನೆ, ಹಾಗಾಗಿ ಭವಿಷ್ಯವೂ ಇದೆ. ನಮ್ಮ ಗ್ರೂಪು ದಿನಾ ಅಗಿಯೋ ನಾಲ್ಕೂ ವಿಷಯ ಒಂದೇ ಕಾಲುವೆಯಲ್ಲಿ ಹರೀತಿತ್ತು. ಗ್ರೂಪಿನಲ್ಲಿ ಗುಬ್ಬಿಯವರಿದ್ದಾರೆ, ಕುಣಿಗಲ್‌ನವರಿದ್ದಾರೆ. ಆ ದಿನ ಅದರ ಬಗ್ಗೆ ಬಂದ ಮೆಸೇಜು ಎಷ್ಟು? ಒಂದು. "ಗುಬ್ಬಿ ರೋಡ್ ಬ್ಲಾಕ್ ಇದೆ, ಕೆ.ಬಿ. ಕ್ರಾಸ್ ಕಡೆ ಹೋಗೋರು ನೋಡ್ಕೊಳ್ಳಿ." ಅಷ್ಟೇ.

ಯಾಕೆ? ನಾವು ದಡ್ಡರಲ್ಲ. ಮನುಕುಲದ ಬಗ್ಗೆ ಏನು ಹೇಳಿದ್ರೂ ಯಾರೂ ಬೇಜಾರಾಗಲ್ಲ. ಮನುಕುಲಕ್ಕೆ ಬೀಗರಿಲ್ಲ. ಮನುಕುಲ ಹಬ್ಬಕ್ಕೆ ಮನೆಗೆ ಬರಲ್ಲ, ಮಗುವಿನ ನಾಮಕರಣಕ್ಕೆ ಬರದೆ ಮುಖ ತಿರುಗಿಸಲ್ಲ. ಕುಣಿಗಲ್ ನೀರಿನ ಬಗ್ಗೆ ಬಾಯಿ ಬಿಟ್ರೆ ಒಂದೋ ಅಪ್ಪ ಹೋಗ್ತಾನೆ, ಇಲ್ಲಾ ಮಾವ ಹೋಗ್ತಾರೆ. ಅದಕ್ಕೇ ನಾವು ದೊಡ್ಡ ಪ್ರಶ್ನೆಗಳ ಹಿಂದೆ ಬಚ್ಚಿಟ್ಟುಕೊಳ್ತೀವಿ. ಬಚ್ಚಿಟ್ಟುಕೊಂಡಿದ್ದಕ್ಕೆ ಚಿಂತನೆ ಅಂತ ಹೆಸರು ಬೇರೆ.

ಒಂದು ಉದಾಹರಣೆ ಕೊಡ್ತೀನಿ. ಕೆಲಸ ಇಲ್ಲದೆ ಎಲ್ಲರಿಗೂ ತಿಂಗಳ ದುಡ್ಡು ಬಂದ್ರೆ ಮನುಷ್ಯ ಏನಾಗ್ತಾನೆ ಅನ್ನೋದು ನಮ್ಮ ಗ್ರೂಪಿನ ಫೇವರಿಟ್ ಟಾಪಿಕ್ಕು. ಫಿನ್ಲೆಂಡಿನ ಪ್ರಯೋಗದ ಲಿಂಕು ಹತ್ತು ಸಲ ಬಂದಿದೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ, ತಿರುಮಣಿ ಸುತ್ತ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಉಳದೆ, ಬಿತ್ತದೆ, ಮಳೆ ನೋಡದೆ ಬರೋ ದುಡ್ಡು. ಬರ ಬಿಟ್ಟು ಬೇರೇನೂ ಕಾಣದ ನೆಲಕ್ಕೆ ಅದು ಸಣ್ಣದಲ್ಲ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆಯೂ ಇಲ್ಲ, ಹೊಲದ ಕೆಲಸವೂ ಹೋಯ್ತು. ಅಂದ್ರೆ ನಾವು ಹತ್ತು ವರ್ಷ ಆದ್ಮೇಲೆ ಬರುತ್ತೆ ಅಂತ ವಾದ ಮಾಡೋ ಭವಿಷ್ಯ ಪಾವಗಡಕ್ಕೆ ಬಂದು ಕೂತಿದೆ. ನಮ್ಮಲ್ಲಿ ಒಬ್ಬನಾದ್ರೂ ಬಸ್ ಹತ್ತಿ ಹೋಗಿ, "ಹೆಂಗಿದೆ ಅಣ್ಣ ಈಗ ಜೀವನ?" ಅಂತ ಕೇಳಿದ್ನಾ? ಫಿನ್ಲೆಂಡ್ ನಮಗೆ ಹತ್ತಿರ.

ಧರ್ಮದ ವಿಷಯಕ್ಕೆ ಬನ್ನಿ. ದೇವರು ಇದಾನೋ ಇಲ್ವೋ ಅಂತ ರಾತ್ರಿ ಒಂದು ಗಂಟೆವರೆಗೆ ಕಿತ್ತಾಡ್ತೀವಲ್ಲ, ಬೆಳಿಗ್ಗೆ ಎದ್ದಾಗ ಏನು ಬದಲಾಗಿರುತ್ತೆ? ನಾಸ್ತಿಕ ಹೆಂಡತಿ ಹೇಳಿದ್ಲು ಅಂತ ದೇವಸ್ಥಾನಕ್ಕೆ ಹೋಗಿರ್ತಾನೆ, ಆಸ್ತಿಕ ಎಂದಿನಂತೆ ಲೇಟಾಗಿ ಎದ್ದಿರ್ತಾನೆ. ತುಮಕೂರಿನ ಪಕ್ಕದ ಗೂಳೂರನ್ನ ನಾವು ಗಣಪತಿಯಿಂದ ಗುರುತಿಸ್ತೀವಿ. ಅದೇ ಗೂಳೂರಿನ ಹೆಸರು ಹೊತ್ತ ಸಿದ್ಧವೀರಣ್ಣೊಡೆಯರು 16ನೇ ಶತಮಾನದ ಹೊತ್ತಿಗೆ 'ಶೂನ್ಯಸಂಪಾದನೆ'ಯನ್ನ ಮತ್ತೆ ಸಂಕಲಿಸಿದ್ರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆ ಇರೋ ತೋಂಟದ ಸಿದ್ಧಲಿಂಗರ ಶಿಷ್ಯ ಪರಂಪರೆಯವರು ಅವರು. ಆ ಪುಸ್ತಕ ಮೊದಲಿಂದ ಕೊನೆವರೆಗೆ ವಾದವೇ.

ಅದರಲ್ಲಿ ನನಗೆ ಇಷ್ಟವಾದ ಜಾಗ ಒಂದಿದೆ. ಸೊನ್ನಲಿಗೆಯಲ್ಲಿ ಸಿದ್ಧರಾಮ ನೂರಾರು ಜನರನ್ನ ಹಾಕಿ ಕೆರೆ ತೋಡಿಸ್ತಾ ಇರ್ತಾನೆ. ಅಲ್ಲಮ ಬಂದು ಮರ್ಯಾದೆ ಇಲ್ಲದೆ ಅವನ ಹೆಸರು ಹಿಡಿದು ಕೂಗ್ತಾನೆ. ಕೆಲಸದವರಿಗೆ ಸಿಟ್ಟು ಬಂದು ಕಲ್ಲು ತೂರ್ತಾರೆ. ಆಮೇಲೆ ಮಾತು ನಡೆಯುತ್ತೆ. ಊರಿಗೆ ನೀರು ಕೊಡೋದೇ ಎಲ್ಲವೂ ಆಯ್ತಾ, ನಿನ್ನನ್ನ ನೀನು ತಿಳಿದಿದೀಯಾ ಅನ್ನೋ ಧಾಟಿಯ ಮಾತು. ಕೊನೆಗೆ ಸಿದ್ಧರಾಮ ಎಲ್ಲ ಬಿಟ್ಟು ಅಲ್ಲಮನ ಜೊತೆ ಕಲ್ಯಾಣಕ್ಕೆ ಹೊರಡ್ತಾನೆ. ಕಥೆ ನಂಬಿ, ಬಿಡಿ. ಆ ವಾದದ ಲಕ್ಷಣ ಮಾತ್ರ ನೋಡಿ. ಕೇಳೋಕೆ ಬಂದವನು ಕಲ್ಲೇಟಿನ ಮಧ್ಯೆ ನಿಂತು ಕೇಳಿದ. ಉತ್ತರ ಕೊಟ್ಟವನ ದಾರಿಯೇ ಬದಲಾಯ್ತು. ನಮ್ಮ ಗ್ರೂಪಿನಲ್ಲಿ ಹನ್ನೊಂದು ವರ್ಷದಿಂದ ವಾದ ನಡೀತಿದೆ. "ಹೌದು ಮಗಾ, ನಾನು ತಪ್ಪು" ಅಂತ ಯಾರೂ ಅಂದಿದ್ದು ನೆನಪಿಲ್ಲ, ನನ್ನನ್ನೂ ಸೇರಿಸಿ. ಸೋಲೇ ಇಲ್ಲದ ಆಟ ಇದು. ಸೋಲಿಲ್ಲದ ಕಡೆ ಕಲಿಯೋದೂ ಇಲ್ಲ.

"ಹಾಗಾದ್ರೆ ತುಮಕೂರಿನವರು ಮಂಗಳ ಗ್ರಹದ ಬಗ್ಗೆ ಯೋಚಿಸಬಾರದಾ? ಹಳ್ಳಿಯಿಂದ ಬಂದವರು ಕಾಲುವೆ, ಕೆರೆ ಅಂತಲೇ ಇರಬೇಕಾ?" ಅಂತ ಗೆಳೆಯನೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಯೋಚಿಸಲೇಬೇಕು ಅನ್ನೋನು ನಾನು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಕಾವಲು ನೆಲದಿಂದ ಹೆಲಿಕಾಪ್ಟರ್ ಏಳೋದಾದ್ರೆ ಅಲ್ಲಿನ ಹುಡುಗ ರಾಕೆಟ್ಟಿನ ಕನಸು ಕಾಣೋದರಲ್ಲಿ ಏನು ತಪ್ಪು? ನನ್ನ ತಕರಾರು ಅದಲ್ಲ. ಆ ಉದ್ಘಾಟನೆ ದಿನ ನಾವು ಪ್ರಧಾನಿ ಭಾಷಣದ ಬಗ್ಗೆ ಎರಡು ದಿನ ಕಚ್ಚಾಡಿದ್ವಿ. ಗುಬ್ಬಿಯ ಐಟಿಐ ಹುಡುಗರಿಗೆ ಅಲ್ಲಿ ಎಷ್ಟು ಕೆಲಸ, ಯಾವ ತರಬೇತಿ ಅಂತ ಯಾರೂ ಕೇಳಲಿಲ್ಲ. ದೊಡ್ಡ ಪ್ರಶ್ನೆಗೂ ಒಂದು ಬಾಗಿಲು ನಮ್ಮ ಬೀದಿಯಲ್ಲೇ ಇರುತ್ತೆ. ಆ ಬಾಗಿಲಿಂದ ಒಳಗೆ ಹೋಗದೆ ಕಿಟಕಿಯಲ್ಲಿ ನಿಂತು ಕೂಗೋದು ಬೇಡ ಅಂತೀನಿ.

ಇನ್ನೊಂದು ಮಾತು, ನಮ್ಮ ಕಸುಬಿನ ಬಗ್ಗೆ. ಟೆಕ್ನಾಲಜಿ ಅಂದ್ರೆ ನಮಗೆ ಎಐ ಮಾತ್ರ. ನಮ್ಮಪ್ಪನ ಬದುಕನ್ನ ನಿಜಕ್ಕೂ ಮುಟ್ಟಿದ ಸಾಫ್ಟ್‌ವೇರು ಯಾವುದು ಗೊತ್ತಾ? 'ಭೂಮಿ'. 2001ರ ಹೊತ್ತಿಗೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದ್ವು. ಅದಕ್ಕೆ ಮುಂಚೆ ಪಹಣಿ ಬೇಕಂದ್ರೆ ಅಪ್ಪ ಶ್ಯಾನುಭೋಗರ ಹಿಂದೆ ತಿರುಗ್ತಿದ್ದ. ಆಮೇಲೆ ಗುಬ್ಬಿಗೆ ಹೋಗಿ ಕ್ಯೂನಲ್ಲಿ ನಿಂತು 15 ರೂಪಾಯಿ ಕೊಟ್ರೆ ಪ್ರಿಂಟು ಕೈಗೆ. ನೋಡೋಕೆ ಅದರಷ್ಟು ಬೋರಿಂಗ್ ಸಾಫ್ಟ್‌ವೇರ್ ಇನ್ನೊಂದಿಲ್ಲ. ಆದರೆ ನನ್ನ ಹನ್ನೆರಡು ವರ್ಷದ ಕೋಡಿನಲ್ಲಿ ಒಂದು ಸಾಲೂ ಅಪ್ಪನಿಗೆ ಅಷ್ಟು ಕೆಲಸಕ್ಕೆ ಬಂದಿಲ್ಲ.

ಸರಿ, ಬೈದಿದ್ದಾಯ್ತು. ನೀನೇನು ಮಾಡಿದೆ ಅಂತ ಕೇಳ್ತೀರಿ.

ಜೂನ್ ಮೊದಲ ಭಾನುವಾರ ಊರಿಗೆ ಹೋದೆ. ಅಪ್ಪನ ಮುಂದೆ ಕೂತು ಹೇಳಿದೆ: "ಅಪ್ಪಾ, ಕುಣಿಗಲ್ ಪಾಲು ಕುಣಿಗಲ್‌ಗೆ ಹೋಗ್ಲೇಬೇಕು. ಬಾಲದಲ್ಲಿರೋರು ಅಂತ ಅವರನ್ನ ಒಣಗಿಸೋಕಾಗಲ್ಲ." ಅಪ್ಪ ಕೈ ತೊಳೆದುಕೊಂಡು ಎದ್ದ. "ಹೆಣ್ಣು ಕೊಟ್ಟೋರ ಕಡೆ ಆದೆ ಅನ್ನು" ಅಂದ. ಮುಂದಿನ ವಾರ ಕುಣಿಗಲ್‌ಗೆ ಹೋಗಿ ಮಾವನಿಗೆ ಹೇಳಿದೆ: "ಮಾವ, ನಮ್ಮೂರವರ ಭಯ ಸುಳ್ಳಲ್ಲ. ಯಾವ ಗೇಟಿನಲ್ಲಿ ಎಷ್ಟು ನೀರು ಹೋಯ್ತು ಅಂತ ಎಲ್ಲರಿಗೂ ಕಾಣೋ ಹಾಗೆ ದಿನಾ ಲೆಕ್ಕ ಹಾಕದೆ ಪೈಪು ಮಾತ್ರ ಹಾಕಿದ್ರೆ ಯಾರು ನಂಬ್ತಾರೆ?" ಮಾವ ಮರ್ಯಾದಸ್ಥರು, ಬೈಯಲಿಲ್ಲ. "ಕಾಫಿ ಕುಡೀರಿ" ಅಂದ್ರು. ಆ ಕಾಫಿ ಇಳಿಸೋದು ಕಷ್ಟವಾಯ್ತು. ಎರಡು ವಾರ ಎರಡೂ ಮನೆಯಿಂದ ನನಗೆ ಫೋನಿಲ್ಲ. ಅಷ್ಟು ವರ್ಷದಲ್ಲಿ ನಾನು ಮಾಡಿದ ಮೊದಲನೇ ವಾದ ಅದು. ಅದಕ್ಕೆ ಮುಂಚೆ ಮಾಡಿದ್ದೆಲ್ಲ ಟೈಪಿಂಗು.

ಮೂರನೇ ವಾರ ಅಪ್ಪನೇ ಫೋನ್ ಮಾಡಿದ. "ಅಲ್ಲ ಕಣ್ಲಾ, ಇಷ್ಟು ಓದಿದೀಯಾ, ಕಾಲುವೇಲಿ ಯಾವತ್ತು ಎಷ್ಟು ನೀರು ಬಂತು ಅಂತ ನಿನ್ ಕಂಪ್ಯೂಟರ್‌ನಲ್ಲಿ ನೋಡಕ್ಕಾಗಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕೇ ಇರಲಿಲ್ಲವಲ್ಲ. ಎರಡೂ ಕಡೆಯವರ ಜಗಳದ ಬುಡದಲ್ಲಿ ಇರೋದು ಒಂದು ಅಂಕಿ. ಎಲ್ಲಿ, ಯಾವತ್ತು, ಎಷ್ಟು. ಡ್ಯಾಶ್‌ಬೋರ್ಡ್ ಮಾಡೋದೇ ಹೊಟ್ಟೆಪಾಡು ಆಗಿರೋ ನಲವತ್ತು ಇಂಜಿನಿಯರುಗಳು ಒಂದು ಗ್ರೂಪಿನಲ್ಲಿದೀವಿ, ಆ ಅಂಕಿ ಕೇಳಬೇಕು ಅಂತ ಒಬ್ಬನಿಗೂ ಹೊಳೆದಿರಲಿಲ್ಲ.

ಅವತ್ತೇ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆದೆ. ಗ್ರೂಪಿನಲ್ಲಿ "ಈ ಲೆಕ್ಕ ಕೂಡಿಸೋಕೆ ಯಾರು ಬರ್ತೀರಿ?" ಅಂತ ಕೇಳಿದೆ. ಹದಿನೆಂಟು ಜನ ಹೆಬ್ಬೆರಳು ಎತ್ತಿದರು. ಮೂವರು ಬಂದರು. ಮಂಗಳ ಗ್ರಹದವನು ಅದರಲ್ಲೊಬ್ಬ, ಒಳ್ಳೆ ಹುಡುಗ. ಅರ್ಜಿಯ ದಾರಿ ನಿಧಾನ ಅಂತ ಅಪ್ಪನಿಗೂ ಮಾವನಿಗೂ ಒಂದೊಂದು ನೋಟ್‌ಬುಕ್ ಕೊಟ್ಟೆ. ಕೆರೆಗೆ ನೀರು ಬಂದ ದಿನ, ನಿಂತ ದಿನ ಬರೆದಿಡಿ ಅಂದೆ. ತಿಂಗಳಿಗೊಮ್ಮೆ ಇಬ್ಬರೂ ಫೋಟೋ ತೆಗೆದು ಕಳಿಸ್ತಾರೆ. ಅವರಿಬ್ಬರೂ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಆದರೆ ಇಬ್ಬರ ಲೆಕ್ಕವೂ ಒಂದೇ ಶೀಟಿನಲ್ಲಿದೆ. ಮೊನ್ನೆ ಅಪ್ಪ ಕೇಳಿದ, "ಬೀಗ್ರು ಈ ತಿಂಗಳದ್ದು ಕಳಿಸಿದ್ರಾ?"

ಗ್ರೂಪು ಬಿಟ್ಟಿಲ್ಲ ನಾನು. ಹರಟೆ ಬೇಕು ಮನುಷ್ಯನಿಗೆ, ನಮ್ಮೂರ ಅರಳಿಕಟ್ಟೆಯಲ್ಲೂ ಅದೇ ನಡೀತಿತ್ತು. ಆದರೆ ಕಟ್ಟೆಯವರು ಅದನ್ನ ಹರಟೆ ಅಂತಲೇ ಕರೀತಿದ್ರು. ಕತ್ತಲಾದ ಮೇಲೆ ಎದ್ದು ಹೋಗಿ ದನ ಕಟ್ತಿದ್ರು. ಈಗ ವಾದಕ್ಕಿಳಿಯೋ ಮುಂಚೆ ನನಗೆ ನಾನೇ ಒಂದು ಪ್ರಶ್ನೆ ಹಾಕ್ಕೊಳ್ತೀನಿ: ಇದರಲ್ಲಿ ನಾನು ಸೋತರೆ ನಾಳೆ ಬೆಳಿಗ್ಗೆ ನನ್ನ ಬದುಕಿನಲ್ಲಿ ಏನು ಬದಲಾಗಬೇಕು? ಏನೂ ಇಲ್ಲ ಅನ್ನೋದಾದ್ರೆ ಅದು ಹರಟೆ. ನಗಾಡಿಕೊಂಡು ಮಾಡ್ತೀನಿ, ಹತ್ತಕ್ಕೆ ಮಲಗ್ತೀನಿ.

ನಿಮ್ಮೂರಲ್ಲೂ ಒಂದು ಕಾಲುವೆ ಇರುತ್ತೆ. ನೀರಿನದೇ ಆಗಬೇಕಿಲ್ಲ. ಅದರ ಬಗ್ಗೆ ಮಾತಾಡಿದ್ರೆ ಯಾರು ಫೋನ್ ಮಾಡೋದು ನಿಲ್ಲಿಸ್ತಾರೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲು ಅವರಿಗೇ ಫೋನ್ ಮಾಡಿ.