ಹುಳುಮನೆಗೆ ನಕ್ಷೆಯಲ್ಲಿ ಜಾಗ ಎಲ್ಲಿ?

ಈ ವಾರ ಪತ್ರಿಕೆ ಬಿಡಿಸುವಾಗ ನಡುವಿನಿಂದ ನಿವೇಶನದ ಕರಪತ್ರವೊಂದು ಜಾರಿ ಬಿತ್ತು. ಬಿಡದಿಯ ಹೊಸ ನಗರದ ಪಕ್ಕದಲ್ಲೇ, ಕೆರೆಯ ನೋಟ, ಈಗಲೇ ಬುಕ್ ಮಾಡಿ ಎಂದಿತ್ತು. ಓದಿ ಮೈ ಉರಿಯಿತು. ಆ ಕೆರೆ ಬೈರಮಂಗಲದ್ದು. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ವಿಷವನ್ನೂ ಹೊತ್ತ ವೃಷಭಾವತಿ ಬಂದು ಸೇರುವುದು ಅಲ್ಲಿಗೆ. ನೀರು ಧುಮುಕುವ ಕಡೆ ನಿಂತರೆ ನೊರೆ ಗಾಳಿಗೆ ಎದ್ದು ಬಟ್ಟೆಗೆ ಅಂಟುತ್ತದೆ. ದಶಕಗಳಿಂದ ಆ ನಾತ ಕುಡಿದು ಬದುಕಿದವರು ತಮ್ಮ ಜಮೀನು ಉಳಿಸಿಕೊಳ್ಳಲು ಧರಣಿ ಕೂತರೆ, ಯಾರೋ ಇಲ್ಲಿ ಅದೇ ಕೆರೆಯ ನೋಟ ಮಾರುತ್ತಿದ್ದಾರೆ.

ಆ ಹೊಸ ನಗರಕ್ಕಾಗಿ ಸರ್ಕಾರ ಸ್ವಾಧೀನಕ್ಕೆ ಹೊರಟಿರುವುದು ಒಂಬತ್ತು ಹಳ್ಳಿ, 7,400ಕ್ಕೂ ಹೆಚ್ಚು ಎಕರೆ; 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ. ದೇವನಹಳ್ಳಿಯ 1,777 ಎಕರೆಯ ಸ್ವಾಧೀನ ಕೈಬಿಟ್ಟಾಗ ಇದೇ ಸರ್ಕಾರಕ್ಕೆ ರೈತರ ದನಿ ಕೇಳಿಸಿತ್ತು. ಬಿಡದಿಯವರ ದನಿ ಏಕೆ ಕೇಳಿಸುತ್ತಿಲ್ಲ?

ದುಡಿಮೆ, ವಾಸ, ವಿರಾಮ ಎಲ್ಲ ಒಂದೇ ಕಡೆ ಸಿಗುವ ಊರು ಕಟ್ಟುತ್ತೇವೆ ಎನ್ನುತ್ತಾರೆ. ಅದು ಅಲ್ಲಿ ಈಗಾಗಲೇ ಇದೆ: ಆ ಭಾಗದಲ್ಲಿ ಹೋದ ಸಲ ನಾನು ಕೂತಿದ್ದ ಮನೆಯಲ್ಲಿ ಜಗಲಿಯ ಮೇಲೆ ಚಿಲ್ಲರೆ ಅಂಗಡಿ, ಒಳಗೆ ಸಂಸಾರ, ಹಿತ್ತಲಿಗೆ ತಾಗಿ ರೇಷ್ಮೆಯ ಹುಳುಮನೆ, ಅದರಾಚೆ ಎರಡು ಸೀಮೆಹಸು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದಿದ್ದವು. ಮನೆಯೊಡತಿ ಮಾತಿನ ನಡುವೆ ಎದ್ದೆದ್ದು ಸೊಪ್ಪು ಹಾಕಿ ಬರುತ್ತಿದ್ದರು. ಇನ್ನೊಂದು ವಾರಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟರೆ ಆಮೇಲೆ ರಾಮನಗರದ ಗೂಡು ಮಾರುಕಟ್ಟೆ. ಪಕ್ಕದ ಹೊಲದಲ್ಲಿ ಯಾರಾದರೂ ಔಷಧಿ ಹೊಡೆದು ಅದು ಹಿಪ್ಪುನೇರಳೆಯ ಮೇಲೆ ಬಿದ್ದರೂ ಇಡೀ ಬೆಳೆ ಹೋಗುತ್ತದೆ. ಹುಳು ಅಷ್ಟು ಸೂಕ್ಷ್ಮ. ಹಾಗಿದ್ದಮೇಲೆ ತೋಟದ ಬದುವಿನಾಚೆ ಏನು ಬರಬಹುದು, ಎಷ್ಟು ದೂರದಲ್ಲಿ ಬರಬಹುದು ಎಂಬುದು ಆ ಹೆಣ್ಣುಮಗಳಿಗೆ ಅನ್ನದ ಪ್ರಶ್ನೆ. ಭೂಬಳಕೆಯ ನಿಯಮ ಹುಟ್ಟಬೇಕಾದದ್ದು ಅಲ್ಲಿಂದ. ಜಮೀನಿಗೆ ಬದಲಾಗಿ ಅಭಿವೃದ್ಧಿಪಡಿಸಿದ ನಿವೇಶನದಲ್ಲಿ ಪಾಲು ಕೊಡುತ್ತೇವೆ ಎನ್ನುವವರು, ಆ ನಿವೇಶನದಲ್ಲಿ ಹುಳು ಸಾಕಬಹುದೇ, ಹಸು ಕಟ್ಟಬಹುದೇ ಎಂದು ಸರ್ವೆ ನಂಬರುವಾರು ಬರೆದು ಗ್ರಾಮಸಭೆಯ ಮುಂದಿಡಲಿ. ಅಧಿಸೂಚನೆ ಆಮೇಲೆ ಬರಲಿ. ಎಕರೆ ಲೆಕ್ಕದಲ್ಲಿ ಎಲ್ಲೂ ಸಿಗದ ಸೊಪ್ಪು ಕೊಯ್ಯುವ ಕೂಲಿಯವರಿಗೆ ಹೊಸ ಊರಲ್ಲಿ ಏನು ಕೆಲಸ, ಅದನ್ನೂ ಬರೆಯಲಿ.

ಇಲ್ಲಿ ನನ್ನ ಹಳೆಯ ತಕರಾರನ್ನು ಮತ್ತೆ ಎತ್ತಲೇಬೇಕು. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲೆಗೊಂದು ಯೋಜನಾ ಸಮಿತಿ ಇರಲೇಬೇಕು ಎಂದಿತು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತರಾಗಿರಬೇಕು. ಹಳ್ಳಿ ಮತ್ತು ಪಟ್ಟಣ ಎರಡರ ಯೋಜನೆಯನ್ನೂ ಒಟ್ಟಿಗಿಟ್ಟು ನೋಡಿ, ನೀರು ಯಾರಿಗೆ, ನೆಲ ಯಾವುದಕ್ಕೆ ಎಂದು ತೂಗಬೇಕಾದದ್ದು ಅದೇ ಸಮಿತಿ. ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಬಿಡದಿಯ ಅಧಿಸೂಚನೆ ಹೊರಟ ದಿನವೂ ಆ ಪಂಚಾಯಿತಿಗಳಲ್ಲಿ ಒಬ್ಬನೇ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ಬೇಡ ಎನ್ನಬಲ್ಲ ಬಾಯಿಗಳನ್ನು ವರ್ಷಗಟ್ಟಲೆ ಮುಚ್ಚಿಟ್ಟು, ಊರಿನ ಹಣೆಬರಹವನ್ನು ಅಭಿವೃದ್ಧಿ ಪ್ರಾಧಿಕಾರದ ಅಧಿಕಾರಿಗಳ ಕೈಗೆ ಕೊಟ್ಟಿದ್ದೇವೆ. ಇದು ಯೋಜನೆಯಲ್ಲ, ದಬ್ಬಾಳಿಕೆ.

ಊರು ಬೆಳೆಯಲೇಬಾರದು ಎಂಬ ಹಟ ನನಗಿಲ್ಲ. ಪುಣೆಯ ಹಡಪ್ಸರದ ಮಗರಪಟ್ಟದಲ್ಲಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆಯನ್ನು ತಾವೇ ಒಟ್ಟುಮಾಡಿ, ಕಂಪನಿ ಕಟ್ಟಿ, ಪಾಲುದಾರರಾಗಿ ನಗರ ಎಬ್ಬಿಸಿದರು. ಮನೆ, ಕಚೇರಿ, ಶಾಲೆ ಎಲ್ಲ ಅಲ್ಲಿವೆ. ಕೂಲಿಯವರ ಪ್ರಶ್ನೆಗೆ ಅಲ್ಲಿಯೂ ಪೂರ್ತಿ ಉತ್ತರವಿಲ್ಲ, ನಿಜ. ಆದರೆ ನಕ್ಷೆಯ ಮೇಲೆ ಗೆರೆ ಎಳೆದದ್ದು ನೆಲದ ಒಡೆಯರ ಒಪ್ಪಿಗೆಯಿಂದ.

ಬಿಡದಿಯಲ್ಲಿ ಮೊದಲ ಗೆರೆ ಎಳೆದದ್ದು 2006ರ ಸುಮಾರಿಗೆ. ಬೆಂಗಳೂರಿನ ಸುತ್ತ ಐದು ಉಪನಗರಗಳ ಮಾತು ಆಗ ಜೋರಾಗಿತ್ತು. ದೊಡ್ಡ ಕಂಪನಿ ಬಂತು, ಹೋಯಿತು. ಊರು ಮೇಲೇಳಲಿಲ್ಲ, ಸ್ವಂತ ನೆಲದಲ್ಲೂ ಕಟ್ಟಲು ಬಿಡದ ರೆಡ್ ಜೋನ್ ಮಾತ್ರ ಉಳಿಯಿತು. "ಮಗನಿಗೆ ಮನೆ ಕಟ್ಟಕ್ಕೆ ಲೈಸೆನ್ಸ್ ಕೇಳುದ್ರೂ ರೆಡ್ ಜೋನ್ ಅಂತಾರೆ ಸಾ, ಅವನಿಗೀಗ ಇಬ್ರು ಮಕ್ಳು," ಎಂದರು ಅಲ್ಲಿನ ಹಿರಿಯರೊಬ್ಬರು. ಒಂದು ತಲೆಮಾರಿನ ಬದುಕನ್ನು ಕಡತದಲ್ಲಿ ಕಟ್ಟಿಹಾಕಿ, ಈಗ ಅದನ್ನೇ ನೆಪ ಮಾಡಿಕೊಂಡು, ಹಳೆಯ ಸರ್ಕಾರ ಗುರುತಿಸಿದ ಜಾಗ ತಾನೆ ಎಂದು ಸ್ವಾಧೀನಕ್ಕೆ ಇಳಿದಿದ್ದಾರೆ. ಹಾಗಾದರೆ ಒಂದು ಕಾನೂನು ತರಲಿ: ಇನ್ನು ಮುಂದೆ ಯಾವ ಹೊಸ ನಗರದ ಅಧಿಸೂಚನೆಗೆ ಸಹಿ ಹಾಕಿದರೂ, ಹಾಕಿದ ಮಂತ್ರಿಯ ಸ್ವಂತ ಜಮೀನೂ ಅದೇ ದಿನದಿಂದ ರೆಡ್ ಜೋನ್. ಮಾರುವಂತಿಲ್ಲ, ಕಟ್ಟುವಂತಿಲ್ಲ. ಆಗ ಎಷ್ಟು ನಗರಗಳಿಗೆ ಸಹಿ ಬೀಳುತ್ತದೆ, ನೋಡಿಯೇಬಿಡೋಣ.